ಬಾಯಲ್ಲಿ ‘ಟ್ರೈ ಮಾಡ್ತೀನಿ’, ಮನಸ್ಸಲ್ಲಿ ‘ಆಗಲ್ಲ’

“ಶುಕ್ರವಾರದೊಳಗೆ ರಿಪೋರ್ಟ್ ಕೊಡೋಕಾಗುತ್ತಾ?” ಎಂದು ಮೇಲಿನವರು ಕೇಳುತ್ತಾರೆ. “ಟ್ರೈ ಮಾಡ್ತೀನಿ ಸಾರ್” ಎಂದು ಉತ್ತರ ಬರುತ್ತದೆ. ಕೇಳಿದವರು ಅದನ್ನು ‘ಹೂಂ’ ಎಂದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಹೇಳಿದವರ ಲೆಕ್ಕದಲ್ಲಿ ಮಾತ್ರ ಅದು ‘ಆಗಲ್ಲ’ ಎಂದೇ ಇತ್ತು. ಸೋಮವಾರ ಬೆಳಿಗ್ಗೆ ಇಬ್ಬರಿಗೂ ಬೇಜಾರು. ಮಾತು ಕೊಟ್ಟು ಕೈಕೊಟ್ಟರಲ್ಲ ಎಂದು ಒಬ್ಬರಿಗೆ. ಆಗಲೇ ಸುಳಿವು ಕೊಟ್ಟಿದ್ದೆನಲ್ಲ ಎಂದು ಇನ್ನೊಬ್ಬರಿಗೆ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೋಸವೂ ಇಲ್ಲ. ಒಂದೇ ಮಾತು ಇಬ್ಬರ ಕಿವಿಯಲ್ಲಿ ಎರಡು ಥರ ಕೇಳಿಸಿದೆ, ಅಷ್ಟೇ.

ನಾವು ದಿನವಿಡೀ ಇಂಥ ಮಾತು ಆಡುತ್ತೇವೆ. ನೋಡೋಣ. ಒಂಥರಾ. ಹಂಗೇನಿಲ್ಲ. ಏನೋ ಇರಬೇಕು. ಯಾರೋ ಹೇಳ್ತಿದ್ರು. ಇದನ್ನೆಲ್ಲ ಹಾರಿಕೆ ಮಾತು ಎಂದು ತಳ್ಳಿಹಾಕುವವರು ಜಾಸ್ತಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ, ಕಡ್ಡಿ ಮುರಿದ ಹಾಗೆ ಹೇಳು ಎಂದು ಗದರುವವರೂ ಇದ್ದಾರೆ. ಆದರೆ ಈ ಮಾತುಗಳನ್ನು ಗಮನವಿಟ್ಟು ಕೇಳಿದರೆ ಅವುಗಳಲ್ಲಿ ಬೇಕಾದಷ್ಟು ಅರ್ಥ ಸಿಗುತ್ತದೆ. ರಿಪೋರ್ಟ್ ಯಾವಾಗ ಸಿಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಆ ಇಬ್ಬರ ನಡುವೆ ಏನು ನಡೆಯುತ್ತಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಅದಕ್ಕೆ ನಾನು ಹಿಡಿದುಕೊಳ್ಳುವ ಪ್ರಶ್ನೆ ಒಂದೇ: ಇದನ್ನೇ ನೇರವಾಗಿ ಹೇಳಿದ್ದರೆ ಈ ಮನುಷ್ಯನಿಗೆ ಏನು ನಷ್ಟವಾಗುತ್ತಿತ್ತು?

ಹೇಳದೆ ಬಿಟ್ಟದ್ದು ಕೇಳಿಸುವುದು ಹೇಗೆ

ಮೊದಲಿಗೆ, ಹೇಳದೆ ಇದ್ದದ್ದು ನಮಗೆ ಅರ್ಥವಾಗುವುದಾದರೂ ಹೇಗೆ? ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದವರು ಪಾಲ್ ಗ್ರೈಸ್ ಎಂಬ ಬ್ರಿಟಿಷ್ ತತ್ವಶಾಸ್ತ್ರಜ್ಞ. 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸದ ಒಂದು ಭಾಗ 1975ರಲ್ಲಿ ಅಚ್ಚಾಯಿತು. ಅವರ ವಾದ ಸರಳ. ಮಾತುಕತೆ ಎಂದರೆ ಇಬ್ಬರು ಸೇರಿ ಮಾಡುವ ಕೆಲಸ. ಎದುರಿನವರು ಬೇಕಾದಷ್ಟು ಹೇಳುತ್ತಾರೆ, ತಿಳಿದಷ್ಟು ನಿಜ ಹೇಳುತ್ತಾರೆ, ವಿಷಯಕ್ಕೆ ಸೇರಿದ್ದು ಹೇಳುತ್ತಾರೆ, ಗೊಂದಲವಿಲ್ಲದೆ ಹೇಳುತ್ತಾರೆ ಎಂದು ನಾವು ನಂಬಿಕೊಂಡೇ ಕೇಳುತ್ತೇವೆ. ಈ ನಾಲ್ಕರಲ್ಲಿ ಒಂದು ಎದ್ದು ಕಾಣುವಂತೆ ತಪ್ಪಿದರೆ, ಮನುಷ್ಯ ಬುದ್ಧಿಗೆಟ್ಟಿದ್ದಾನೆ ಎಂದುಕೊಳ್ಳುವುದಿಲ್ಲ. ಯಾಕೆ ಹೀಗೆ ಹೇಳಿದರು ಎಂದು ಹುಡುಕಲು ಶುರು ಮಾಡುತ್ತೇವೆ.

ಅವರೇ ಕೊಟ್ಟ ಉದಾಹರಣೆ ನೋಡಿ. ಒಬ್ಬ ವಿದ್ಯಾರ್ಥಿ ತತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಅವನ ಬಗ್ಗೆ ಮೇಷ್ಟ್ರು ಶಿಫಾರಸು ಪತ್ರ ಬರೆಯಬೇಕು. ಅವರು ಬರೆದದ್ದು ಇಷ್ಟು: ಈತನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ. ಕೆಟ್ಟದ್ದು ಒಂದು ಮಾತೂ ಇಲ್ಲ. ಆದರೂ ಓದಿದವರಿಗೆ ವಿಷಯ ಗೊತ್ತಾಗಿಬಿಡುತ್ತದೆ. ಮೇಷ್ಟ್ರಿಗೆ ಹುಡುಗ ಗೊತ್ತು. ಇನ್ನೂ ಜಾಸ್ತಿ ಹೇಳಬೇಕು ಎಂಬುದೂ ಗೊತ್ತು. ಹಾಗಿದ್ದೂ ಹೇಳಿಲ್ಲ ಎಂದರೆ, ಹೇಳಲು ಮನಸ್ಸಿಲ್ಲದ್ದು ಏನೋ ಇದೆ.

‘ಪ್ರಾಜೆಕ್ಟ್ ಹೇಗಿದೆ?’ ಎಂದಾಗ ‘ಫಾಂಟ್ ಚೆನ್ನಾಗಿದೆ’ ಎನ್ನುವ ಗೆಳೆಯ ಮಾಡುವುದೂ ಇದನ್ನೇ. ಕೇಳಿದ್ದು ದೊಡ್ಡದು, ಉತ್ತರ ಬಂದದ್ದು ಸಣ್ಣದು. ನಡುವೆ ಎಷ್ಟು ಜಾಗ ಖಾಲಿ ಉಳಿದಿದೆಯೋ, ಅರ್ಥವೆಲ್ಲ ಅಲ್ಲೇ ಇದೆ.

ಮರ್ಯಾದೆಯ ಲೆಕ್ಕ

ಹಾಗಾದರೆ ನೇರವಾಗಿ ಹೇಳಲು ಏನಡ್ಡಿ? ಗ್ರೈಸ್ ಈ ಕಡೆ ಹೆಚ್ಚು ಹೋಗಲಿಲ್ಲ. ಹೋದವರು ಬೇರೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರಲ್ಲೇ ಒಂದು ಮಾತು ಹೇಳಿದ್ದರು. ನಾಲ್ಕು ಜನರ ಮುಂದೆ ಪ್ರತಿಯೊಬ್ಬರೂ ಒಂದು ಮರ್ಯಾದೆ ಹೊತ್ತು ನಿಂತಿರುತ್ತಾರೆ. ಅದು ಬೀಳದಂತೆ ಅವರೂ ನೋಡಿಕೊಳ್ಳುತ್ತಾರೆ, ಎದುರಿನವರೂ ನೋಡಿಕೊಳ್ಳುತ್ತಾರೆ. ಪೆನಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಇದನ್ನು ಮಾತಿಗೆ ಹಚ್ಚಿ ನೋಡಿದರು. ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ಟಾಲ್ ಮತ್ತು ನಮ್ಮ ಪಕ್ಕದ ತಮಿಳು, ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಮೂರು ಭಾಷೆಗಳಲ್ಲೂ ಜನ ಸುತ್ತಿ ಬಳಸಿ ಮಾತಾಡುವ ರೀತಿ ಆಶ್ಚರ್ಯವಾಗುವಷ್ಟು ಒಂದೇ ಥರ ಇತ್ತು.

ಮಾತು ಎಷ್ಟು ಸುತ್ತುತ್ತದೆ ಎಂಬುದು ಅವರ ಪ್ರಕಾರ ಮೂರು ವಿಷಯದ ಮೇಲೆ ನಿಂತಿದೆ. ಎದುರಿನವರಿಗೆ ನನ್ನ ಮೇಲೆ ಎಷ್ಟು ಅಧಿಕಾರ ಇದೆ? ನಮ್ಮಿಬ್ಬರ ನಡುವೆ ಎಷ್ಟು ದೂರ ಇದೆ? ನಾನು ಹೇಳಬೇಕಾದ್ದು ಎಷ್ಟು ಭಾರದ್ದು? ಮೂರೂ ಏರಿದಂತೆ ಮಾತು ಜಾಸ್ತಿ ಸುತ್ತುತ್ತದೆ. ಜೊತೆಗೆ ಬೆಳೆದ ಗೆಳೆಯನಿಗೆ ‘ಲೋ, ಇದು ಆಗಲ್ಲ ಕಣೋ’ ಎನ್ನುತ್ತೇವೆ. ಹೊಸದಾಗಿ ಬಂದ ಸಾಹೇಬರಿಗೆ ಅದನ್ನೇ ‘ಒಂದ್ಸಲ ನೋಡಬೇಕು ಸಾರ್, ಸ್ವಲ್ಪ ಟೈಟ್ ಆಗಬಹುದೇನೋ’ ಎನ್ನುತ್ತೇವೆ. ವಿಷಯ ಒಂದೇ. ‘ಸ್ವಲ್ಪ’, ‘ಬಹುದು’, ‘ಏನೋ’ ಮೂರೂ ಸೇರಿಕೊಂಡದ್ದು ಕೆಲಸದ ಕಷ್ಟದಿಂದಲ್ಲ, ಸಾಹೇಬರ ಕುರ್ಚಿಯಿಂದ.

ಇದನ್ನು ದಾಕ್ಷಿಣ್ಯ ಎಂದು ಬಿಡಬಹುದಿತ್ತು. ಆದರೆ ದಾಕ್ಷಿಣ್ಯಕ್ಕೆ ಜೀವಗಳೇ ಹೋದ ಉದಾಹರಣೆಗಳಿವೆ.

ಪೈಲಟ್ ಕೋಣೆಯಲ್ಲಿ ಒಂದು ‘ಏನೋ’

1982ರ ಜನವರಿ 13. ವಾಷಿಂಗ್ಟನ್ನಿನ ವಿಮಾನ ನಿಲ್ದಾಣ. ಜೋರಾಗಿ ಹಿಮ ಬೀಳುತ್ತಿದೆ. ಏರ್ ಫ್ಲಾರಿಡಾ ಸಂಸ್ಥೆಯ 90ನೇ ನಂಬರಿನ ವಿಮಾನ, ರೆಕ್ಕೆಗಳ ಮೇಲಿನ ಹಿಮ ತೆಗೆಸಿಕೊಂಡ ಮೇಲೂ ಸುಮಾರು ಮುಕ್ಕಾಲು ಗಂಟೆ ಸಾಲಿನಲ್ಲಿ ಕಾಯುತ್ತಿದೆ. ಒಳಗೆ ಇಬ್ಬರು ಪೈಲಟ್‌ಗಳು. ಒಬ್ಬರು ಕ್ಯಾಪ್ಟನ್. ಇನ್ನೊಬ್ಬರು ಅವರ ಕೈಕೆಳಗಿನ ಫಸ್ಟ್ ಆಫೀಸರ್. ಅವರ ಮಾತು ರೆಕಾರ್ಡರಿನಲ್ಲಿ ಉಳಿದಿದೆ.

ಫಸ್ಟ್ ಆಫೀಸರ್ ಮೊದಲು ಬೇರೊಂದು ವಿಮಾನ ತೋರಿಸುತ್ತಾರೆ. ಅದರ ಹಿಂಭಾಗದಲ್ಲಿ ಹಿಮ ಹೇಗೆ ನೇತಾಡುತ್ತಿದೆ ನೋಡಿ ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ, ಈ ಹಿಮ ತೆಗೆಯುವುದೆಲ್ಲ ಸೋಲುವ ಆಟ, ಸುಮ್ಮನೆ ಸುರಕ್ಷಿತವಾಗಿದ್ದೇವೆ ಎಂಬ ಭ್ರಮೆ ಕೊಡುತ್ತದೆ ಅಷ್ಟೇ ಎನ್ನುತ್ತಾರೆ. ಆಮೇಲೆ, ಇಷ್ಟು ಹೊತ್ತು ಕೂತಿದ್ದೇವಲ್ಲ, ರೆಕ್ಕೆ ಮೇಲ್ಭಾಗ ಇನ್ನೊಮ್ಮೆ ನೋಡೋಣ ಎನ್ನುತ್ತಾರೆ. ಇನ್ನೊಂದು ನಿಮಿಷದಲ್ಲಿ ನಮ್ಮ ಸರದಿ ಬರುತ್ತದೆ ಅನ್ನಿಸುತ್ತೆ ಎಂದು ಕ್ಯಾಪ್ಟನ್ ಮುಗಿಸುತ್ತಾರೆ.

ಗಮನಿಸಿ. ಮೊದಲ ಮಾತು ಪಕ್ಕದ ವಿಮಾನದ ಬಗ್ಗೆ. ಎರಡನೆಯದು ಹಿಮ ತೆಗೆಯುವ ಪದ್ಧತಿಯ ಬಗ್ಗೆ. ಮೂರನೆಯದು ಮಾತ್ರ ತಮ್ಮ ವಿಮಾನದ ಬಗ್ಗೆ, ಅದೂ ‘ನೋಡೋಣ’ ಎಂದು. ಒಂದೊಂದೇ ಹೆಜ್ಜೆ ಹತ್ತಿರ ಬಂದಿದ್ದಾರೆ. ಆದರೆ ‘ನಮ್ಮ ರೆಕ್ಕೆ ಮೇಲೆ ಹಿಮ ಇದೆ, ವಾಪಸ್ ಹೋಗಬೇಕು’ ಎಂಬ ವಾಕ್ಯ ಬಾಯಿಗೆ ಬರಲೇ ಇಲ್ಲ.

ಕೊನೆಗೆ ವಿಮಾನ ರನ್‌ವೇ ಮೇಲೆ ಓಡಲು ಶುರುವಾಗುತ್ತದೆ. ಎಂಜಿನ್ನಿನ ಹಿಮನಿರೋಧಕ ಸ್ವಿಚ್ ಹಾಕಿಲ್ಲ. ಒತ್ತಡ ಅಳೆಯುವ ಸಣ್ಣ ಕೊಳವೆಯಲ್ಲಿ ಹಿಮ ಕಟ್ಟಿ, ಮೀಟರ್ ಇರುವುದಕ್ಕಿಂತ ಜಾಸ್ತಿ ಶಕ್ತಿ ತೋರಿಸುತ್ತಿದೆ. ಫಸ್ಟ್ ಆಫೀಸರ್ ಅದನ್ನು ಹಿಡಿದರು. ಅವರ ಮಾತು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಇದು ಸರಿ ಅನ್ನಿಸ್ತಿಲ್ಲ, ಅಲ್ವಾ? ಆಂ... ಇದು ಸರಿ ಇಲ್ಲ.” ಕ್ಯಾಪ್ಟನ್: “ಸರಿ ಇದೆ. ಎಂಬತ್ತು ಬಂತು ನೋಡು.” ಅದು ವೇಗದ ಅಂಕಿ. ಫಸ್ಟ್ ಆಫೀಸರ್: “ಇಲ್ಲ, ಸರಿ ಇದೆ ಅನ್ನಿಸಲ್ಲ. ಆಂ... ಇದ್ದರೂ ಇರಬಹುದು.” ಕ್ಯಾಪ್ಟನ್: “ನೂರಿಪ್ಪತ್ತು.” ಫಸ್ಟ್ ಆಫೀಸರ್: “ಗೊತ್ತಿಲ್ಲ.”

ವಿಮಾನ ನೆಲ ಬಿಟ್ಟು ಅರ್ಧ ನಿಮಿಷದಲ್ಲಿ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದ ನಾಲ್ವರು ಸೇರಿ 78 ಜನ ಸತ್ತರು.

ಫಸ್ಟ್ ಆಫೀಸರ್ ಆಡಿದ ಆ ಐದು ವಾಕ್ಯ ಇನ್ನೊಮ್ಮೆ ಓದಿ. ‘ಅಲ್ವಾ?’ ಎಂದು ಒಪ್ಪಿಗೆ ಕೇಳಿದರು. ಸಿಗದಿದ್ದಾಗ ‘ಸರಿ ಇಲ್ಲ’ ಎಂದು ಒಮ್ಮೆ ಗಟ್ಟಿಯಾದರು. ಕ್ಯಾಪ್ಟನ್ ತಳ್ಳಿಹಾಕಿದ ಮೇಲೆ ‘ಅನ್ನಿಸಲ್ಲ’ ಎಂದು ಇಳಿದರು. ಆಮೇಲೆ ‘ಇರಬಹುದು’. ಕೊನೆಗೆ ‘ಗೊತ್ತಿಲ್ಲ’. ಆ ಕೆಲವು ಸೆಕೆಂಡಿನಲ್ಲಿ ಮೀಟರ್ ಬದಲಾಗಲಿಲ್ಲ, ಅವರು ಕಂಡದ್ದೂ ಬದಲಾಗಲಿಲ್ಲ. ಬದಲಾದದ್ದು ಪಕ್ಕದ ಸೀಟಿನವರ ಉತ್ತರ ಮಾತ್ರ. ಹಾಗಾಗಿ ‘ಗೊತ್ತಿಲ್ಲ’ ಎಂಬುದನ್ನು ಅವರ ತಿಳಿವಳಿಕೆಯ ಅಳತೆ ಎಂದು ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ಮಾತೇ ಅವರ ತಿಳಿವಳಿಕೆ. ಉಳಿದದ್ದೆಲ್ಲ ಅವರ ಸ್ಥಾನ.

ಪೈಲಟ್‌ಗಳ ಮಾತಿನ ಮೇಲೆ ಆಮೇಲೆ ನಡೆದ ಅಧ್ಯಯನಗಳಲ್ಲೂ ಇದೇ ಕಂಡಿತು. ಒಂದೇ ಅಪಾಯವನ್ನು ಕ್ಯಾಪ್ಟನ್‌ಗಳು ಹೆಚ್ಚಾಗಿ ಆಜ್ಞೆಯ ರೂಪದಲ್ಲಿ ಹೇಳುತ್ತಾರೆ, ಫಸ್ಟ್ ಆಫೀಸರ್‌ಗಳು ಹೆಚ್ಚಾಗಿ ಸುಳಿವಿನ ರೂಪದಲ್ಲಿ.

1990ರ ಜನವರಿ 25ರಂದು ನ್ಯೂಯಾರ್ಕಿನ ಹತ್ತಿರ ಬಿದ್ದ ಅವಿಯಾಂಕಾ 52 ವಿಮಾನದ ಕಥೆಯೂ ಹತ್ತಿರತ್ತಿರ ಇದೇ. ಇಳಿಯಲು ಅನುಮತಿಗಾಗಿ ಒಂದು ಗಂಟೆಗೂ ಮೀರಿ ಗಾಳಿಯಲ್ಲಿ ಸುತ್ತಿ ಇಂಧನ ಮುಗಿಯುತ್ತಾ ಬಂದಿತ್ತು. ಎಮರ್ಜೆನ್ಸಿ ಎಂದು ಹೇಳು ಎಂದು ಕ್ಯಾಪ್ಟನ್ ಸಹಪೈಲಟ್‌ಗೆ ಹೇಳಿದರು. ಸಹಪೈಲಟ್ ರೇಡಿಯೋದಲ್ಲಿ ಮೊದಲು ದಿಕ್ಕಿನ ವಿವರ ಹೇಳಿ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ ಎಂದು ಹೇಳಿ, ಬಾಲಕ್ಕೆ ‘ಇಂಧನ ಮುಗಿಯುತ್ತಿದೆ’ ಎಂದು ಸೇರಿಸಿದರು. ಹೇಳಿದೆಯಾ ಎಂದು ಕ್ಯಾಪ್ಟನ್ ಕೇಳಿದಾಗ, ಹೇಳಿದೆ ಎಂದೇ ಉತ್ತರ. ಅವರ ಮನಸ್ಸಿನಲ್ಲಿ ಹೇಳಿ ಆಗಿತ್ತು. ಆದರೆ ‘ಎಮರ್ಜೆನ್ಸಿ’ ಎಂಬ ಪದ ನಿಯಂತ್ರಕರ ಕಿವಿಗೆ ಬಿದ್ದೇ ಇರಲಿಲ್ಲ. 158 ಜನರಲ್ಲಿ 73 ಜನ ಉಳಿಯಲಿಲ್ಲ. ವಾಕ್ಯದಲ್ಲಿ ಒಂದು ವಿಷಯ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಹೇಳಲು ಕಷ್ಟವಾದದ್ದು ಹೆಚ್ಚಾಗಿ ಬಾಲದಲ್ಲೇ ಬರುತ್ತದೆ. ‘ಅಂದಹಾಗೆ’, ‘ಇನ್ನೊಂದು ವಿಷಯ’ ಎಂದು ಹೊರಡುವ ಹೊತ್ತಿಗೆ ಬರುವ ಮಾತಿಗೆ ಕಿವಿ ಕೊಡಿ.

‘ಬಹುಶಃ’ ಅಂದರೆ ಎಷ್ಟು?

ಎಲ್ಲ ಅಸ್ಪಷ್ಟ ಮಾತೂ ಹೆದರಿಕೆಯಿಂದ ಬರುವುದಿಲ್ಲ. ನಿಜಕ್ಕೂ ಖಚಿತವಾಗಿ ಗೊತ್ತಿಲ್ಲದಾಗ ‘ಬಹುಶಃ’ ಎನ್ನುವುದು ಪ್ರಾಮಾಣಿಕತೆ. ತೊಂದರೆ ಏನೆಂದರೆ, ಒಬ್ಬರ ‘ಬಹುಶಃ’ ಇನ್ನೊಬ್ಬರ ‘ಬಹುಶಃ’ ಅಲ್ಲ.

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಶೆರ್ಮನ್ ಕೆಂಟ್ ಎಂಬವರಿದ್ದರು. 1951ರಲ್ಲಿ ಅವರ ತಂಡ ಒಂದು ವರದಿ ಬರೆಯಿತು. ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ಆಗುವ ‘ಗಂಭೀರ ಸಾಧ್ಯತೆ’ ಇದೆ ಎಂದು ಅದರಲ್ಲಿತ್ತು. ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಕೆಂಟ್ ಅವರನ್ನು ಕೇಳಿದರು, ಗಂಭೀರ ಸಾಧ್ಯತೆ ಅಂದರೆ ಎಷ್ಟು? ನೂರಕ್ಕೆ 65 ಎಂದರು ಕೆಂಟ್. ಅಧಿಕಾರಿಗೆ ಗಾಬರಿ. ಅವರು ಅದಕ್ಕಿಂತ ತುಂಬಾ ಕಡಿಮೆ ಎಂದುಕೊಂಡಿದ್ದರು. ಕೆಂಟ್ ತಮ್ಮ ತಂಡದವರನ್ನೇ ಒಬ್ಬೊಬ್ಬರಾಗಿ ಕೇಳಿದರು. ಒಬ್ಬರ ಮನಸ್ಸಿನಲ್ಲಿ 20 ಇತ್ತು, ಇನ್ನೊಬ್ಬರ ಮನಸ್ಸಿನಲ್ಲಿ 80 ಇತ್ತು. ಎಲ್ಲರೂ ಒಂದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟಿದ್ದರು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಸಂಗತಿ. ತಂಡಕ್ಕೆ ಒಮ್ಮತ ಇರಲೇ ಇಲ್ಲ. ಒಮ್ಮತ ಇದ್ದದ್ದು ಪದಕ್ಕೆ. ಮೀಟಿಂಗ್‌ಗಳಲ್ಲಿ ‘ಹಂತಹಂತವಾಗಿ ಮಾಡೋಣ’, ‘ಆದ್ಯತೆ ಮೇಲೆ ನೋಡೋಣ’ ಎಂಬ ಮಾತಿಗೆ ಎಲ್ಲರೂ ತಲೆಯಾಡಿಸಿದರೆ ಒಮ್ಮೆ ನಿಂತು ಯೋಚಿಸಬೇಕು. ಜಗಳ ಮುಗಿದಿಲ್ಲ, ಎಲ್ಲರಿಗೂ ಹಿಡಿಸುವಷ್ಟು ಅಗಲದ ಪದ ಸಿಕ್ಕಿದೆ. ಕೆಂಟ್ 1964ರಲ್ಲಿ ಬರೆದ ಪ್ರಬಂಧದಲ್ಲಿ ಪದಕ್ಕೊಂದು ಅಂಕಿಯ ವ್ಯಾಪ್ತಿ ಗೊತ್ತುಮಾಡಬೇಕೆಂದು ವಾದಿಸಿದರು. ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಡುವ ಐಪಿಸಿಸಿ ಇವತ್ತು ಅದನ್ನೇ ಮಾಡುತ್ತದೆ. ಅವರ ವರದಿಯಲ್ಲಿ ‘ಲೈಕ್ಲಿ’ ಎಂದರೆ ನೂರಕ್ಕೆ 66ರ ಮೇಲೆ, ‘ವೆರಿ ಲೈಕ್ಲಿ’ ಎಂದರೆ 90ರ ಮೇಲೆ.

ಪ್ರಾಮಾಣಿಕ ಅನುಮಾನವನ್ನೂ ಜಾರಿಕೊಳ್ಳುವ ಮಾತನ್ನೂ ಬೇರೆ ಮಾಡುವುದು ಹೇಗೆ? ನನಗೆ ತಿಳಿದ ಮಟ್ಟಿಗೆ ಒಂದು ಗುರುತು ಇದೆ. ನಿಜವಾದ ಅನುಮಾನ ಒಂದು ಜಾಗದಲ್ಲಿ ನಿಲ್ಲುತ್ತದೆ. ‘ಕೋಡ್ ಮುಗಿದಿದೆ, ಟೆಸ್ಟಿಂಗ್‌ಗೆ ಎಷ್ಟು ದಿನ ಅಂತ ಗೊತ್ತಿಲ್ಲ’ ಎನ್ನುವವರಿಗೆ ತಮಗೆ ಏನು ಗೊತ್ತಿಲ್ಲ ಎಂಬುದು ಸರಿಯಾಗಿ ಗೊತ್ತಿದೆ. ‘ಮುಂದೆ ಹೋಗ್ತಾ ಇದೆ, ಸ್ವಲ್ಪ ಅದು ಇದು ಬಾಕಿ ಇದೆ, ಆಗುತ್ತೆ ಅನ್ಸುತ್ತೆ’ ಎನ್ನುವುದರಲ್ಲಿ ಮಬ್ಬು ಎಲ್ಲ ಕಡೆ ಒಂದೇ ಸಮ ಹರಡಿದೆ. ಮೊದಲನೆಯವರನ್ನು ಇನ್ನೊಂದು ಪ್ರಶ್ನೆ ಕೇಳಿದರೆ ಮಾತು ಬೆಳೆಯುತ್ತದೆ. ಎರಡನೆಯವರನ್ನು ಕೇಳಿದರೆ ಅದೇ ಮಾತು ಬೇರೆ ಪದದಲ್ಲಿ ಬರುತ್ತದೆ.

ಮಾಡಿದವರು ಕಾಣೆಯಾಗುವ ವಾಕ್ಯ

‘ಫೈಲ್ ಡಿಲೀಟ್ ಮಾಡಿದೆ’ ಮತ್ತು ‘ಫೈಲ್ ಡಿಲೀಟ್ ಆಗಿಬಿಡ್ತು’. ಕನ್ನಡದಲ್ಲಿ ಎರಡೂ ಸಲೀಸು. ‘ಮಾಡು’ ಹೋಗಿ ‘ಆಗು’ ಬಂದರೆ ಸಾಕು, ಮಾಡಿದವರು ವಾಕ್ಯದಿಂದ ಎದ್ದು ಹೋಗುತ್ತಾರೆ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಇರಾನ್‌ಗೆ ಶಸ್ತ್ರ ಮಾರಿದ ಹಗರಣದ ಬಗ್ಗೆ ಸಂಸತ್ತಿನ ಮುಂದೆ ಮಾತಾಡುವಾಗ ‘ಗಂಭೀರ ತಪ್ಪುಗಳು ಆದವು’ ಎಂಬ ಅರ್ಥದ ಮಾತು ಹೇಳಿದರು. ತಪ್ಪು ಒಪ್ಪಿದಂತೆಯೂ ಆಯಿತು, ಮಾಡಿದವರ ಹೆಸರು ಬರದಂತೆಯೂ ಆಯಿತು.

ಇದು ಬರೀ ಹೇಳುವ ಶೈಲಿ ಎಂದುಕೊಳ್ಳಬೇಡಿ. ಕೇಳುವವರ ತೀರ್ಪನ್ನೇ ಇದು ಬದಲಿಸುತ್ತದೆ. ಕೇಟ್ಲಿನ್ ಫಾಸೀ ಮತ್ತು ಲೆರಾ ಬೊರೊಡಿಟ್ಸ್ಕಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೇದಿಕೆ ಮೇಲೆ ಗಾಯಕಿಯ ಉಡುಪು ಹರಿದ ಒಂದು ಘಟನೆಯನ್ನು ಎರಡು ಥರ ಬರೆದು ಕೊಟ್ಟರು. ಒಂದರಲ್ಲಿ ಜೊತೆಗಿದ್ದವನು ‘ಹರಿದ’, ಇನ್ನೊಂದರಲ್ಲಿ ಉಡುಪು ‘ಹರಿಯಿತು’. ‘ಹರಿದ’ ಎಂದು ಓದಿದವರು ಅವನ ಮೇಲೆ ಹಾಕಬೇಕೆಂದ ದಂಡ ಇನ್ನೊಂದು ಗುಂಪಿಗಿಂತ ಒಂದೂವರೆ ಪಟ್ಟು ಇತ್ತು. ಘಟನೆಯ ವಿಡಿಯೋ ಕಣ್ಣಾರೆ ನೋಡಿದವರಲ್ಲೂ ವಾಕ್ಯದ ಪ್ರಭಾವ ಉಳಿದಿತ್ತು.

ಆದರೂ ಒಂದು ಎಚ್ಚರಿಕೆ. ಕನ್ನಡದಲ್ಲಿ ‘ಆಯ್ತು’, ‘ಹೋಯ್ತು’ ಎನ್ನುವುದು ದಿನದ ಮಾತು. ಒಬ್ಬರು ಒಮ್ಮೆ ‘ಬಿದ್ದುಹೋಯ್ತು’ ಎಂದರೆ ಅದರಲ್ಲಿ ಏನೂ ಇಲ್ಲ. ನೋಡಬೇಕಾದ್ದು ಬೇರೆ. ಒಳ್ಳೆಯದೆಲ್ಲ ‘ನಾನು ಮಾಡಿಸಿದೆ’, ಕೆಟ್ಟದ್ದೆಲ್ಲ ‘ಹಾಗಾಗಿಬಿಡ್ತು’ ಎಂದು ಒಬ್ಬರ ಮಾತಿನಲ್ಲಿ ಸರಿಯಾಗಿ ಹಂಚಿಹೋಗಿದ್ದರೆ ಆಗ ಅದು ಅಭ್ಯಾಸವಲ್ಲ.

ಇದೇ ಕುಟುಂಬಕ್ಕೆ ಸೇರಿದ್ದು ‘ಅಂತೆ’. ‘ಅವರು ಕೆಲಸ ಬಿಡ್ತಾರಂತೆ.’ ಕೇಳಿದ್ದು, ಕಂಡದ್ದಲ್ಲ ಎಂದು ಎರಡಕ್ಷರದಲ್ಲಿ ಹೇಳಿಬಿಡುವ ಸೊಗಸಾದ ಸಾಧನ ಅದು. ಪ್ರಾಮಾಣಿಕವಾಗಿ ಬಳಸಿದರೆ ಅದಕ್ಕಿಂತ ಸ್ಪಷ್ಟ ಮಾತಿಲ್ಲ. ಆದರೆ ‘ನಿಮ್ಮ ಬಗ್ಗೆ ಜನ ಏನೇನೋ ಹೇಳ್ತಾರಪ್ಪ’ ಎನ್ನುವಾಗ ಆ ‘ಜನ’ ಯಾರು? ಎಷ್ಟೋ ಸಲ ಹೇಳುತ್ತಿರುವವರೇ. ತಮ್ಮ ಅಭಿಪ್ರಾಯವನ್ನು ಹೆಸರಿಲ್ಲದ ಗುಂಪಿನ ಬಾಯಲ್ಲಿ ಇಟ್ಟರೆ ಪೆಟ್ಟೂ ಬೀಳುತ್ತದೆ, ಹೊಣೆಯೂ ತಪ್ಪುತ್ತದೆ. ‘ನಿಮಗೇನನ್ನಿಸುತ್ತೆ?’ ಎಂದು ಮೆಲ್ಲಗೆ ಕೇಳಿ ನೋಡಿ.

ಮಾತಿಗಿಂತ ಮುಂಚಿನ ಗ್ಯಾಪ್

ಪದಕ್ಕಿಂತ ಮೊದಲು ಬರುವ ಸುಳಿವು ಒಂದಿದೆ. ಹೊತ್ತು. ತಾನ್ಯಾ ಸ್ಟಿವರ್ಸ್ ಮತ್ತು ಜೊತೆಗಾರರು 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದರು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಸರಾಸರಿ ಅಂತರ ಸೆಕೆಂಡಿನ ಐದನೇ ಒಂದು ಭಾಗ. ಕಣ್ಣು ಮಿಟುಕಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ಅಂದರೆ ಎದುರಿನವರು ಮಾತು ಮುಗಿಸುವ ಮೊದಲೇ ನಾವು ಉತ್ತರ ಸಿದ್ಧ ಮಾಡಿಕೊಂಡಿರುತ್ತೇವೆ. ಅದೇ ಅಧ್ಯಯನದಲ್ಲಿ ‘ಹೌದು’ ಎನ್ನುವ ಉತ್ತರಗಳು ‘ಇಲ್ಲ’ ಎನ್ನುವವಕ್ಕಿಂತ ಬೇಗ ಬಂದವು.

ಇದು ನಮಗೆಲ್ಲ ಒಳಗೊಳಗೇ ಗೊತ್ತು. ‘ಭಾನುವಾರ ಬರ್ತೀಯಾ?’ ಎಂದು ಕೇಳಿ, ಆ ಕಡೆ ಒಂದು ಕ್ಷಣ ಸದ್ದಿಲ್ಲದಿದ್ದರೆ, ನಾವೇ ‘ಆಗದಿದ್ರೆ ಪರವಾಗಿಲ್ಲ ಬಿಡು’ ಎಂದುಬಿಡುತ್ತೇವೆ. ಉತ್ತರ ಬಂದೇ ಇಲ್ಲ. ಆದರೂ ಕೇಳಿಸಿಕೊಂಡಾಯಿತು.

ಇದಕ್ಕೆ ಒಂದು ಗಂಭೀರ ಮುಖ ಇದೆ. ಇಷ್ಟವಿಲ್ಲದಿದ್ದರೆ ಕಡ್ಡಿ ಮುರಿದಂತೆ ‘ಬೇಡ’ ಎನ್ನಬೇಕಿತ್ತು, ಹೇಳಲಿಲ್ಲ, ಹಾಗಾಗಿ ನನಗೆ ಗೊತ್ತಾಗಲಿಲ್ಲ ಎಂಬ ವಾದ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿಚಾರದಲ್ಲಿ ಪದೇ ಪದೇ ಬರುತ್ತದೆ. ಸೀಲಿಯಾ ಕಿಟ್ಸಿಂಗರ್ ಮತ್ತು ಹ್ಯಾನಾ ಫ್ರಿತ್ 1999ರಲ್ಲಿ ಇದಕ್ಕೆ ಉತ್ತರ ಬರೆದರು. ಸಾಮಾನ್ಯ ಮಾತುಕತೆಯಲ್ಲಿ ಯಾರೂ ನೇರವಾಗಿ ‘ಬೇಡ’ ಎನ್ನುವುದಿಲ್ಲ. ತಡೆದು ಮಾತಾಡುತ್ತಾರೆ, ‘ಇಷ್ಟ ಏನೋ ಇದೆ, ಆದರೆ...’ ಎಂದು ಎಳೆಯುತ್ತಾರೆ, ಕಾರಣ ಕೊಡುತ್ತಾರೆ, ಸುಮ್ಮನಾಗುತ್ತಾರೆ. ಗಂಡಸರೂ ಹೆಂಗಸರೂ ಇದನ್ನು ನಿರಾಕರಣೆ ಎಂದೇ ಸರಿಯಾಗಿ ಅರ್ಥಮಾಡಿಕೊಳ್ಳುತ್ತಾರೆ. ಮಿಕ್ಕ ಎಲ್ಲ ಕಡೆ ಅರ್ಥವಾಗುವುದು ಅಲ್ಲಿ ಮಾತ್ರ ಅರ್ಥವಾಗಲಿಲ್ಲ ಎಂದರೆ ನಂಬುವುದು ಹೇಗೆ? ಅವರ ವಾದ ನನಗೆ ಪೂರಾ ಒಪ್ಪಿಗೆ. ಅಸ್ಪಷ್ಟ ಮಾತು ಅರ್ಥವಾಗುವುದಿಲ್ಲ ಎಂಬ ನೆಪ ಕೇಳುವವರಿಗೆ ತುಂಬಾ ಅನುಕೂಲದ್ದು.

ಪತ್ತೇದಾರಿಕೆ ಬೇಡ

ಇಷ್ಟೆಲ್ಲ ಓದಿ, ಇನ್ನು ಎದುರಿನವರ ಪ್ರತಿ ‘ಆಂ’, ‘ಒಂಥರಾ’ ಹಿಡಿದು ಮನಸ್ಸು ಓದಿಬಿಡುತ್ತೇನೆ ಎಂದುಕೊಂಡರೆ ಅನಾಹುತ. ಮಾತಿನಿಂದ, ಹಾವಭಾವದಿಂದ ಸುಳ್ಳು ಹಿಡಿಯುವ ನಮ್ಮ ಶಕ್ತಿ ಎಷ್ಟು ಎಂದು ನೂರಾರು ಪ್ರಯೋಗಗಳು ನಡೆದಿವೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೋ 2006ರಲ್ಲಿ ಅವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೆ 50.

‘ಆಂ’ ಎನ್ನುವುದು ಬಹಳ ಸಲ ಪದ ಹುಡುಕುವ ಸದ್ದು, ಅಷ್ಟೇ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ಇಂಗ್ಲಿಷ್ ಮಾತಿನ ‘ಅ’ ಮತ್ತು ‘ಅಮ್’ ಎಂಬ ಎರಡು ಸದ್ದುಗಳನ್ನು ಹೋಲಿಸಿದರು. ಮೊದಲನೆಯದರ ನಂತರ ಸಣ್ಣ ತಡ, ಎರಡನೆಯದರ ನಂತರ ದೊಡ್ಡ ತಡ. ಸ್ವಲ್ಪ ತಾಳಿ, ಬರ್ತಾ ಇದ್ದೀನಿ ಎಂದು ಕೇಳುವವರಿಗೆ ಕೊಡುವ ಸಂಜ್ಞೆ ಅದು ಎಂಬುದು ಅವರ ಅಭಿಪ್ರಾಯ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಭಾಷಾಶಾಸ್ತ್ರಜ್ಞೆ ರಾಬಿನ್ ಲೇಕಾಫ್ 1975ರಲ್ಲಿ, ‘ಅನ್ಸುತ್ತೆ’, ‘ಅಲ್ವಾ’ ಥರದ ಮೆತ್ತನೆ ಮಾತು ಹೆಂಗಸರ ಭಾಷೆಯ ಲಕ್ಷಣ ಎಂದು ಬರೆದರು. ವಿಲಿಯಂ ಓಬಾರ್ ಮತ್ತು ಬೊಮನ್ ಅಟ್ಕಿನ್ಸ್ ನಾರ್ತ್ ಕೆರೊಲಿನಾದ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರ ಮಾತು ರೆಕಾರ್ಡ್ ಮಾಡಿ ಪರೀಕ್ಷಿಸಿದರು. 1980ರಲ್ಲಿ ಬಂದ ಫಲಿತಾಂಶ: ತಜ್ಞೆಯಾಗಿ ಸಾಕ್ಷಿ ಹೇಳಿದ ಹೆಂಗಸರ ಮಾತಿನಲ್ಲಿ ಈ ಮೆತ್ತಗಿನ ಪದಗಳು ಕಡಿಮೆ. ಸಮಾಜದಲ್ಲಿ ಕೆಳಗಿನ ಸ್ಥಾನದಲ್ಲಿದ್ದ ಗಂಡಸರ ಮಾತಿನಲ್ಲಿ ಜಾಸ್ತಿ. ಹೆಣ್ಣು ಗಂಡು ಎನ್ನುವುದಕ್ಕಿಂತ ಯಾರ ಕೈಯಲ್ಲಿ ಬಲವಿದೆ ಎಂಬುದು ಅಲ್ಲಿ ಕೆಲಸ ಮಾಡುತ್ತಿತ್ತು. ಅಂಥ ಮಾತಾಡಿದ ಸಾಕ್ಷಿಗಳನ್ನು ಕೇಳುವವರು ಕಡಿಮೆ ನಂಬಿದರು ಎಂಬುದೂ ಕಂಡಿತು. ಇದು ನನಗೆ ಸಂಕಟದ ವಿಷಯ. ಹೆದರಿಸಿದ್ದು ಕೋರ್ಟು. ಹೆದರಿದ್ದಕ್ಕೆ ನಂಬಿಕೆ ಕಳೆದುಕೊಂಡದ್ದು ಸಾಕ್ಷಿ.

ಹಾಗಾಗಿ ಒಬ್ಬರ ಮಾತನ್ನು ಅವರದೇ ಮಾಮೂಲಿ ಮಾತಿನ ಪಕ್ಕ ಇಟ್ಟು ನೋಡಬೇಕು. ಯಾವಾಗಲೂ ‘ನೋಡೋಣ’ ಎನ್ನುವವರ ‘ನೋಡೋಣ’ದಲ್ಲಿ ಹೊಸದೇನಿಲ್ಲ. ಎಂದೂ ಪಟಪಟ ಉತ್ತರಿಸುವವರು ಒಂದು ವಿಷಯ ಬಂದಾಗ ಮಾತ್ರ ‘ಹೂಂ... ಮಾಡಬಹುದು’ ಎಂದು ಎಳೆದರೆ, ಅಲ್ಲಿ ನಿಲ್ಲಬೇಕು. ಮತ್ತು ಊಹಿಸಿ ಸುಮ್ಮನಾಗಬಾರದು, ಕೇಳಬೇಕು.

ಕೇಳುವ ರೀತಿ

ಕೇಳುವುದರಲ್ಲೂ ಒಂದು ಕ್ರಮ ಇದೆ. ‘ಆಗುತ್ತೋ ಇಲ್ವೋ, ಸರಿಯಾಗಿ ಹೇಳು’ ಎಂದು ಜೋರು ಮಾಡಿದರೆ ‘ಆಗುತ್ತೆ ಸಾರ್’ ಎಂದೇ ಬರುತ್ತದೆ. ನೇರ ಮಾತಿನ ಬೆಲೆ ಈಗ ಇನ್ನೂ ಏರಿತಲ್ಲ. ಬೆಲೆ ಇಳಿಸುವ ಪ್ರಶ್ನೆ ಬೇಕು. ‘ಆಗಲ್ಲ ಅಂದರೂ ಪರವಾಗಿಲ್ಲ, ಇವತ್ತೇ ಗೊತ್ತಾದರೆ ಬೇರೆ ದಾರಿ ಮಾಡ್ತೀನಿ’ ಎಂದರೆ ‘ಆಗಲ್ಲ’ ಎಂಬುದು ಸಹಾಯವಾಗುತ್ತದೆ, ಅಪರಾಧವಾಗುವುದಿಲ್ಲ. ‘ಹತ್ತರಲ್ಲಿ ಎಷ್ಟು ನಂಬಿಕೆ ಇದೆ?’ ಎಂದು ಕೇಳಿದರೂ ಆಗುತ್ತದೆ. ‘ಆಗಲ್ಲ’ ಎನ್ನಲಾಗದ ಬಾಯಿ ‘ನಾಲ್ಕು’ ಎನ್ನಬಲ್ಲದು.

ಈ ಬದಲಾವಣೆ ಶುರುವಾಗಬೇಕಾದ್ದು ಮೇಲಿನ ಕುರ್ಚಿಯಿಂದ. ಧೈರ್ಯವಾಗಿ ಮಾತಾಡು ಎಂದು ಕೆಳಗಿನವರಿಗೆ ಉಪದೇಶ ಮಾಡುವುದು ಸುಲಭ. ಆದರೆ ಧೈರ್ಯದ ಖರ್ಚು ಅವರ ಜೇಬಿನಿಂದಲೇ ಹೋಗುತ್ತದೆ. ವಿಮಾನಯಾನ ಕ್ಷೇತ್ರ ಇದನ್ನು ಅರಿತುಕೊಂಡು ಎರಡೂ ಕಡೆ ತರಬೇತಿ ಕೊಟ್ಟಿತು. 1979ರಲ್ಲಿ ನಾಸಾ ನಡೆಸಿದ ಒಂದು ಕಾರ್ಯಾಗಾರದಿಂದ ಬೆಳೆದ ಈ ತರಬೇತಿಯಲ್ಲಿ ಕೆಳಗಿನವರು ಹೇಳಲು ಕಲಿತಂತೆ ಕ್ಯಾಪ್ಟನ್‌ಗಳು ಕೇಳಿಸಿಕೊಳ್ಳಲು ಕಲಿಯುತ್ತಾರೆ. 2012ರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಇಂಧನದ ಅಪಾಯಕ್ಕೆ ‘ಮೇಡೇ ಫ್ಯೂಯಲ್’ ಎಂಬ ಗೊತ್ತಾದ ಪದವೇ ಇದೆ. ಪದ ಆರಿಸುವ ಭಾರ ಪೈಲಟ್ ಮೇಲೆ ಇಲ್ಲ.

ಆಫೀಸಿನಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟಿದ್ದಾರೆ. ಯೋಜನೆ ಶುರುವಾಗುವ ಮೊದಲೇ ತಂಡವನ್ನು ಕೂರಿಸಿ, ‘ಇದು ಪೂರ್ತಿ ನೆಲಕಚ್ಚಿದೆ ಎಂದು ಇಟ್ಟುಕೊಳ್ಳಿ, ಯಾಕೆ ಹಾಗಾಯಿತು ಬರೆಯಿರಿ’ ಎನ್ನಬೇಕು. ಒಬ್ಬೊಬ್ಬರೂ ಬರೆದುಕೊಂಡು ಆಮೇಲೆ ಸರದಿಯಂತೆ ಓದಬೇಕು. ‘ಈ ಯೋಜನೆಯಲ್ಲಿ ತೊಂದರೆ ಇದೆಯಾ?’ ಎಂದರೆ ‘ಹಾಗೇನಿಲ್ಲ’ ಎನ್ನುವವರೇ ಈ ಪ್ರಶ್ನೆಗೆ ಹಾಳೆ ತುಂಬಿಸುತ್ತಾರೆ. ಇಲ್ಲಿ ಹೆಚ್ಚು ತಪ್ಪು ಕಂಡವರೇ ಜಾಣರು. ಮೊದಲು ಕಿರಿಯರಿಂದ ಓದಿಸಿ, ಹಿರಿಯರು ಕೊನೆಯಲ್ಲಿ ಓದಲಿ. ಹಿರಿಯರ ಪಟ್ಟಿ ಮೊದಲು ಕೇಳಿಬಿಟ್ಟರೆ, ಉಳಿದವರ ಹಾಳೆಯಲ್ಲಿ ಬರೆದದ್ದು ಹಾಳೆಯಲ್ಲೇ ಉಳಿಯುತ್ತದೆ.